ಮಕ್ಕಳ ಕ್ಯಾನ್ಸರ್ ಜಾಗೃತಿ: ರಿಬ್ಬನ್‌ಗಿಂತ ಮೊದಲು ಲಕ್ಷಣ ತಲುಪಲಿ

ಪ್ರತಿ ವರ್ಷ ಸೆಪ್ಟೆಂಬರ್ ಬಂತೆಂದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್‌ಗಳಲ್ಲಿ ಮಕ್ಕಳ ಕ್ಯಾನ್ಸರ್ ಜಾಗೃತಿಯ ಬಂಗಾರದ ಬಣ್ಣದ ರಿಬ್ಬನ್ ಕಾಣಿಸಿಕೊಳ್ಳುತ್ತದೆ. ಅದನ್ನು ಹಂಚಿಕೊಳ್ಳುವವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಈ ಮಕ್ಕಳಿಗೆ ಚಿಕಿತ್ಸೆ ನೀಡುವ ವೈದ್ಯೆಯಾಗಿ ಪ್ರತಿಯೊಂದು ಅಭಿಯಾನದ ಮುಂದೆಯೂ ನಾನಿಡುವ ಪ್ರಶ್ನೆ ಒಂದೇ: ಇದನ್ನು ನೋಡಿದ ತಾಯಿಗೆ, ತನ್ನ ಮಗುವಿನಲ್ಲಿ ಏನನ್ನು ಗಮನಿಸಬೇಕು, ಗಮನಿಸಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದು ತಿಳಿಯಿತೇ?

ದೊಡ್ಡವರ ಕ್ಯಾನ್ಸರ್ ಕುರಿತು ಮಾತನಾಡುವಾಗ ತಂಬಾಕು ಬಿಡಿ, ನಿಯಮಿತವಾಗಿ ತಪಾಸಣೆ ಮಾಡಿಸಿಕೊಳ್ಳಿ ಎನ್ನಬಹುದು. ಮಕ್ಕಳ ವಿಷಯದಲ್ಲಿ ಆ ಮಾತು ಅಷ್ಟಾಗಿ ಸಲ್ಲುವುದಿಲ್ಲ. ಮಕ್ಕಳ ಬಹುತೇಕ ಕ್ಯಾನ್ಸರ್‌ಗಳಿಗೆ ಊಟವಾಗಲಿ ಅಭ್ಯಾಸವಾಗಲಿ ಕಾರಣವಲ್ಲ, ಆರೋಗ್ಯವಾಗಿರುವ ಮಕ್ಕಳನ್ನೆಲ್ಲ ಪರೀಕ್ಷಿಸಿ ಮೊದಲೇ ಕಂಡುಹಿಡಿಯುವ ವಿಧಾನವೂ ಸಾಮಾನ್ಯವಾಗಿ ಇಲ್ಲ. ನಮ್ಮ ಕೈಯಲ್ಲಿ ಉಳಿಯುವುದು ಲಕ್ಷಣ ಕಂಡ ದಿನಕ್ಕೂ ಚಿಕಿತ್ಸೆ ಆರಂಭವಾಗುವ ದಿನಕ್ಕೂ ನಡುವಿನ ಅಂತರವನ್ನು ತಗ್ಗಿಸುವುದು ಮತ್ತು ಚಿಕಿತ್ಸೆಯನ್ನು ಪೂರ್ಣಗೊಳಿಸುವುದು. ಶ್ರೀಮಂತ ದೇಶಗಳಲ್ಲಿ ಶೇ 80ಕ್ಕೂ ಹೆಚ್ಚು ಮಕ್ಕಳು ಗುಣಮುಖರಾಗುತ್ತಿರುವಾಗ ಅನೇಕ ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಆ ಪ್ರಮಾಣ ಶೇ 30ಕ್ಕಿಂತ ಕಡಿಮೆ ಇರುವುದಕ್ಕೆ ತಡವಾದ ಪತ್ತೆಯೂ ಒಂದು ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಜಾಗೃತಿಯಿಂದ ಈ ಅಂತರ ತಗ್ಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ‘ಹೆಡ್‌ಸ್ಮಾರ್ಟ್’ ಒಳ್ಳೆಯ ಉದಾಹರಣೆ. ಮಕ್ಕಳ ಮಿದುಳಿನ ಗೆಡ್ಡೆಯ ಲಕ್ಷಣಗಳನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸಿ, ಪುಟ್ಟ ಕಾರ್ಡುಗಳಲ್ಲಿ ಪೋಷಕರಿಗೂ ವೈದ್ಯರಿಗೂ ತಲುಪಿಸಿದ ಆ ಅಭಿಯಾನ 2011ರಲ್ಲಿ ಆರಂಭವಾದಾಗ ಪತ್ತೆಗೆ ಸುಮಾರು 9 ವಾರ ಹಿಡಿಯುತ್ತಿತ್ತು. ಎರಡು ವರ್ಷಗಳಲ್ಲಿ ಅದು 7 ವಾರಕ್ಕಿಂತ ಕೆಳಗಿಳಿಯಿತು.

ನಮ್ಮಲ್ಲಿ ಮೊಬೈಲ್‌ ಮೂಲಕವೇ ಸಾರಲು ತಕ್ಕುದಾದ ಲಕ್ಷಣವೊಂದಿದ್ದರೆ ಅದು ರೆಟಿನೋಬ್ಲಾಸ್ಟೋಮಾದ ಬಿಳಿ ಹೊಳಪು. ಕಣ್ಣಿನ ಅಕ್ಷಿಪಟಲದ (ರೆಟಿನಾ) ಈ ಕ್ಯಾನ್ಸರ್ ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಫ್ಲ್ಯಾಶ್ ಹಾಕಿ ಫೋಟೊ ತೆಗೆದಾಗ ಕಣ್ಣಿನ ಹಿಂಭಾಗದ ರಕ್ತನಾಳಗಳಿಂದಾಗಿ ಪಾಪೆ ಸಾಮಾನ್ಯವಾಗಿ ಕೆಂಪಗೆ ಕಾಣುತ್ತದೆ. ಗೆಡ್ಡೆಯಿದ್ದರೆ ಅದೇ ಜಾಗ ಬೆಕ್ಕಿನ ಕಣ್ಣಿನಂತೆ ಬಿಳಿಯಾಗಿ ಹೊಳೆಯಬಹುದು. ಕ್ಯಾಮೆರಾದ ಕೋನದಿಂದಲೂ, ಹುಟ್ಟಿನಿಂದ ಬಂದ ಪೊರೆಯಿಂದಲೂ ಹಾಗೆ ಕಾಣುವುದುಂಟು, ಆದ್ದರಿಂದ ಗಾಬರಿ ಬೇಡ; ಆದರೂ ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಲೇಬೇಕು. ಹಲವು ಕ್ಯಾಮೆರಾಗಳು ಕಣ್ಣಿನ ಕೆಂಪನ್ನು ತಾವಾಗಿಯೇ ಅಳಿಸುವುದರಿಂದ ಫೋಟೊ ಸರಿಯಾಗಿದೆ ಎಂಬ ಕಾರಣಕ್ಕೆ ನಿಶ್ಚಿಂತರಾಗುವಂತೆಯೂ ಇಲ್ಲ. ಮೆಳ್ಳೆಗಣ್ಣು ಕೂಡ ಈ ಕಾಯಿಲೆಯ ಲಕ್ಷಣವಾಗಿರಬಹುದು, ಅದನ್ನು ಅದೃಷ್ಟವೆಂದು ಬಿಟ್ಟುಬಿಡಬಾರದು ಎಂಬ ಮಾತನ್ನೂ ಇದೇ ಸಂದೇಶಕ್ಕೆ ಸೇರಿಸಬೇಕು. ಗೆಡ್ಡೆ ಕಣ್ಣಿನೊಳಗೇ ಇರುವಾಗ ಬಂದ ಮಗುವಿನ ಜೀವ ಉಳಿಸುವುದು ಬಹುಪಾಲು ಸಾಧ್ಯ, ಅನೇಕ ವೇಳೆ ದೃಷ್ಟಿಯನ್ನೂ ಉಳಿಸಬಹುದು.

ಇಂಥ ಸಂದೇಶ ಅರ್ಧ ನಿಮಿಷದ ಕನ್ನಡ ವಿಡಿಯೊದಲ್ಲಿ ಹಿಡಿಸುತ್ತದೆ. ಸಾವಿರಾರು ಮೆಚ್ಚುಗೆಗಿಂತ ಆಶಾ ಕಾರ್ಯಕರ್ತೆಯರ, ಅಂಗನವಾಡಿ ಶಿಕ್ಷಕಿಯರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಅದು ತಲುಪುವುದು ಹೆಚ್ಚು ಮುಖ್ಯ, ಏಕೆಂದರೆ ಲಸಿಕೆಯ ದಿನ ತಾಯಂದಿರೊಡನೆ ಮಾತನಾಡುವವರು ಅವರೇ.

ಕೂದಲುದುರಿದ ಮಗುವಿನ ಮುಖವನ್ನು ಹೆಸರು, ಊರಿನ ಸಮೇತ ಹಂಚುವುದನ್ನು ನಾನು ಒಪ್ಪುವುದಿಲ್ಲ. ಚಿಕಿತ್ಸೆಗೆ ಹಣ ಬೇಕಾದ ಸಂಕಟದಲ್ಲಿ ತಂದೆತಾಯಿ ಒಪ್ಪಿಗೆ ಕೊಟ್ಟಿರಬಹುದು. ಆದರೆ ಗುಣವಾಗಿ ಕಾಲೇಜಿಗೆ ಹೋಗುವ ಹೊತ್ತಿಗೂ ಆ ಚಿತ್ರ ಅಂತರ್ಜಾಲದಲ್ಲಿ ಇದ್ದೇ ಇರುತ್ತದೆ. ಅದೂ ಅಲ್ಲದೆ, ನರಳುವ ಮುಖಗಳನ್ನಷ್ಟೇ ಕಂಡವರು ಈ ಕಾಯಿಲೆ ವಾಸಿಯಾಗದು ಎಂದೇ ನಂಬುತ್ತಾರೆ, ಆ ನಂಬಿಕೆಯಿಂದ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ನಾಟಿ ಔಷಧಿಯ ಫಾರ್ವರ್ಡ್ ಸಂದೇಶಗಳನ್ನು ಹಿಡಿದು ಹೊರಡುವ ಕುಟುಂಬಗಳೂ ಇವೆ.

ಅಭಿಯಾನ ಆರಂಭಿಸುವ ಮೊದಲೇ ಒಂದು ವ್ಯವಸ್ಥೆ ಆಗಬೇಕು. ವಿಡಿಯೊ ನೋಡಿದ ಪೋಷಕರು ರಾತ್ರಿ ಹತ್ತು ಗಂಟೆಗೆ ಮಗುವಿನ ಕಣ್ಣಿನ ಫೋಟೊ ಕಳುಹಿಸಿದರೆ ಉತ್ತರಿಸುವವರು ಯಾರು, ಅವರ ಜಿಲ್ಲಾ ಆಸ್ಪತ್ರೆಯ ನೇತ್ರ ವಿಭಾಗ ಯಾವ ದಿನ ತೆರೆದಿರುತ್ತದೆ, ಅಲ್ಲಿಂದ ಬೆಂಗಳೂರಿನ ಕಿದ್ವಾಯಿಯಂಥ ಸಂಸ್ಥೆಗೆ ಬರಬೇಕಾದಾಗ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗಾಗಿ ಯಾವ ದಾಖಲೆ ತರಬೇಕು ಎಂಬ ವಿವರಗಳು ಉತ್ತರಿಸುವವರ ಕೈಯಲ್ಲಿ ಸಿದ್ಧವಾಗಿರಬೇಕು.