ಕತ್ತಿನ ಕೊಳೆಸೋಂಕು ಮತ್ತು ಒತ್ತಡದ ಆಮ್ಲಜನಕ

ಅಡಿಕೆಯ ಕೊನೆಕೊಯ್ಲು ಮುಗಿಯಲಿ ಎಂದು ಹಲ್ಲುನೋವನ್ನು ಮಾತ್ರೆಯಲ್ಲೇ ತಳ್ಳಿದ ಮಧುಮೇಹಿಗಳು ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಕತ್ತು ಊದಿಸಿಕೊಂಡು ಶಿವಮೊಗ್ಗಕ್ಕೆ ಬರುವುದು ಕಿವಿ-ಮೂಗು-ಗಂಟಲು ವೈದ್ಯರಾದ ನಮಗೆ ಹೊಸತಲ್ಲ. ಕೆಳದವಡೆಯ ಹಿಂಬದಿ ಹಲ್ಲುಗಳ ಬೇರು ಬಾಯಿಯ ತಳದ ಸ್ನಾಯುವಿಗಿಂತ ಕೆಳಕ್ಕೆ ಇಳಿದಿರುವುದರಿಂದ, ಅಲ್ಲಿನ ಕೀವು ಬಾಯಿಯೊಳಗೆ ಒಡೆಯುವ ಬದಲು ಕತ್ತಿನ ಪದರಗಳಿಗೆ, ಕೆಲವೊಮ್ಮೆ ಎದೆಗೂಡಿಗೂ ಇಳಿಯುತ್ತದೆ. ಹೆಚ್ಚಿನವರು ಕೀವು ತೆಗೆದು ಆಂಟಿಬಯೋಟಿಕ್ ಕೊಟ್ಟರೆ ಗುಣವಾಗುತ್ತಾರೆ. ಕೆಲವರಲ್ಲಿ ಮಾತ್ರ ಚರ್ಮ ತುಸುವೇ ಕೆಂಪಾಗಿದ್ದರೂ ನೋವು ವಿಪರೀತವಾಗಿರುತ್ತದೆ, ಒತ್ತಿದರೆ ಬೆರಳಡಿಯಲ್ಲಿ ಗಾಳಿ ಚರಚರ ಎನ್ನುತ್ತದೆ. ಕೊಯ್ದಾಗ ಗಟ್ಟಿ ಕೀವಿನ ಬದಲು ನಾರುವ, ಬೂದುಬಣ್ಣದ ತೆಳುನೀರು ಬರುತ್ತದೆ ಮತ್ತು ಪದರಗಳು ರಕ್ತವೇ ಒಸರದೆ ಬೆರಳಿಗೆ ಬಿಟ್ಟುಕೊಳ್ಳುತ್ತವೆ. ಇದೇ ನೆಕ್ರೋಟೈಸಿಂಗ್ ಫ್ಯಾಸಿಯೈಟಿಸ್, ಅಂದರೆ ಚರ್ಮದಡಿಯ ಪದರಗಳನ್ನೇ ಕೊಳೆಸುವ ಸೋಂಕು.

“ಆಕ್ಸಿಜನ್ ಚೇಂಬರ್‌ನಲ್ಲಿ ಇಟ್ಟರೆ ಆಪರೇಷನ್ ತಪ್ಪುತ್ತದೆಯೇ ಡಾಕ್ಟ್ರೇ?” ಎಂದು ಮನೆಯವರು ಕೇಳುತ್ತಾರೆ. ತಪ್ಪುವುದಿಲ್ಲ. ಚೇಂಬರ್ ಎಂದರೆ ಒತ್ತಡ ಏರಿಸಿ ಶುದ್ಧ ಆಮ್ಲಜನಕ ಉಸಿರಾಡಿಸುವ ಮುಚ್ಚಿದ ಕೋಣೆ. ಸಾಮಾನ್ಯ ಗಾಳಿ ಉಸಿರಾಡುವಾಗ 100 ಮಿ.ಲೀ. ರಕ್ತದ ದ್ರವಭಾಗದಲ್ಲಿ ಕರಗಿರುವ ಆಮ್ಲಜನಕ ಸುಮಾರು 0.3 ಮಿ.ಲೀ. ಮಾತ್ರ, ವಾತಾವರಣದ ಮೂರು ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಅದು ಸುಮಾರು 6 ಮಿ.ಲೀ.ಗೆ ಏರುತ್ತದೆ. ವಾರ್ಡಿನ ಮಾಸ್ಕ್ ಇಷ್ಟನ್ನು ಕರಗಿಸಲಾರದು. ಒತ್ತಡದಲ್ಲಿ ಕೊಟ್ಟಾಗ ಕೊಳೆತ ಭಾಗದ ಅಂಚಿನಲ್ಲಿ ಉಸಿರುಗಟ್ಟಿರುವ ಜೀವಂತ ಅಂಗಾಂಶಕ್ಕೆ ಆಸರೆ ಸಿಗುತ್ತದೆ, ಅಲ್ಲಿನ ಬಿಳಿ ರಕ್ತಕಣಗಳು ಮತ್ತೆ ಬ್ಯಾಕ್ಟೀರಿಯಾ ಕೊಲ್ಲಬಲ್ಲವಾಗುತ್ತವೆ, ಆಮ್ಲಜನಕ ಒಗ್ಗದ ಬ್ಯಾಕ್ಟೀರಿಯಾಗಳ ಬೆಳವಣಿಗೆ ಕುಂದುತ್ತದೆ. ಆದರೆ ರಕ್ತನಾಳಗಳೇ ಕಟ್ಟಿಹೋಗಿ ಸತ್ತಿರುವ ಅಂಗಾಂಶವನ್ನು ಯಾವ ಒತ್ತಡವೂ ಬದುಕಿಸದು; ಅದನ್ನು ಕೊಯ್ದೇ ತೆಗೆಯಬೇಕು, ಮಾರನೆಯ ದಿನ ಗಾಯ ಬಿಚ್ಚಿ ನೋಡಿ, ಬೇಕಾದರೆ ಮತ್ತೆ ಕೊಯ್ಯಬೇಕು.

ಈ ಚಿಕಿತ್ಸೆಯ ಪರವಾಗಿರುವ ವರದಿಗಳು ಹೆಚ್ಚಾಗಿ ಹಳೆಯ ಕಡತಗಳ ಹೋಲಿಕೆಗಳು. ಲಭ್ಯ ಅಧ್ಯಯನಗಳನ್ನೆಲ್ಲ ಜಾಲಾಡಿ ತೂಗುವ ಕೊಕ್ರೇನ್ ಸಂಸ್ಥೆಯ 2015ರ ವಿಮರ್ಶೆಗೆ ಪರಿಗಣಿಸಬಹುದಾದ ಒಂದು ಯಾದೃಚ್ಛಿಕ ಪ್ರಯೋಗವೂ (ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ ಹೋಲಿಸುವ ಪ್ರಯೋಗ) ಸಿಗಲಿಲ್ಲ. ಹಾಗಾಗಿ ನನ್ನ ನಿಲುವು ಇಷ್ಟು: ಚೇಂಬರ್ ಅದೇ ಆಸ್ಪತ್ರೆಯಲ್ಲಿದ್ದರೆ ಶಸ್ತ್ರಚಿಕಿತ್ಸೆಯ ಬೆನ್ನಿಗೇ ಬಳಸಲಿ, ಅದಕ್ಕಾಗಿಯೇ ಕೊಯ್ಯದ ಕತ್ತನ್ನು ಆಂಬುಲೆನ್ಸ್‌ನಲ್ಲಿ ಆಗುಂಬೆ ಘಾಟಿ ಇಳಿಸುವುದು ಬೇಡ. ಊತ ಉಸಿರಿನ ದಾರಿಯನ್ನು ತಿರುವಿನ ನಡುವೆಯೇ ಮುಚ್ಚಿಬಿಡಬಹುದು. ಉಸಿರಿನ ದಾರಿ ಭದ್ರವಾಗಿ, ಮೊದಲ ಕೊಯ್ತ ಮುಗಿದು, ರಕ್ತದೊತ್ತಡ ಸ್ಥಿರವಾದ ಮೇಲೆ ಕಳುಹಿಸುವ ಮಾತು.

ಕಳುಹಿಸುವಾಗಲೂ ಎದೆಯ ಸಿ.ಟಿ. ನೋಡಿರಬೇಕು. ಶ್ವಾಸಕೋಶದ ಸುತ್ತ ಗಾಳಿ ಸೇರಿದ್ದರೆ ಅದನ್ನು ಹೊರಬಿಡುವ ನಳಿಕೆ ಹಾಕದೆ ಚೇಂಬರ್‌ಗೆ ಒಯ್ಯುವಂತಿಲ್ಲ. ಒಳಗೆ ಮಧುಮೇಹಿಯ ಸಕ್ಕರೆ ದಿಢೀರನೆ ಇಳಿಯಬಹುದು. ವೆಂಟಿಲೇಟರ್‌ನಲ್ಲಿರುವ ರೋಗಿಗೆ ಎಂಜಲು ನುಂಗಿ ಕಿವಿಯ ಒತ್ತಡ ಸರಿದೂಗಿಸಿಕೊಳ್ಳಲು ಆಗದ ಕಾರಣ, ಕೆಲವೊಮ್ಮೆ ಕಿವಿತಮಟೆಯಲ್ಲಿ ಸಣ್ಣ ರಂಧ್ರ ಮಾಡಿಕೊಡುವುದೂ ನಮ್ಮ ಪಾಲಿನ ಕೆಲಸವೇ.