ಸರ್, ಕೊಲಾಜನ್ ಕುಡಿದರೆ ಮುಖದ ಸುಕ್ಕು ಹೋಗುತ್ತಾ?

“ಸರ್, ನನಗೆ 44. ಕಣ್ಣಿನ ಪಕ್ಕ ಗೆರೆ ಬಿದ್ದಿವೆ. ನನ್ನ ನಾದಿನಿ ಮೂರು ತಿಂಗಳಿಂದ ಕೊಲಾಜನ್ ಪುಡಿ ಕುಡಿಯುತ್ತಿದ್ದಾಳೆ, ಅವಳ ಮುಖ ಪಳಪಳ ಅನ್ನುತ್ತಿದೆ. ಡಬ್ಬಕ್ಕೆ ಎರಡು ಸಾವಿರವಂತೆ. ನಾನೂ ತಗೊಳ್ಳಲಾ? ಇಲ್ಲಾ ಊಟದಲ್ಲೇ ಏನಾದರೂ ಬದಲಾಯಿಸಿದರೆ ಸಾಕಾ?”

ಈ ಪ್ರಶ್ನೆ ಎಷ್ಟನೇ ಸಲ ಬಂತು ಅಂತ ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಕೇಳಿದ್ದಾರೆ. ಬೆಳಗಿನ ವಾಕಿಂಗ್‌ನಲ್ಲಿ ನಿಲ್ಲಿಸಿ ಕೇಳಿದ್ದಾರೆ. ಮೂವತ್ತು ವರ್ಷ ಬಯೋಕೆಮಿಸ್ಟ್ರಿ ಪಾಠ ಮಾಡಿದವನಿಗೆ ಪಿಂಚಣಿಯ ಜೊತೆ ಇದೂ ಬರುತ್ತದೆ. ಅದಕ್ಕೇ ಒಂದು ಸಲ ಉದ್ದಕ್ಕೆ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕೊಡುತ್ತೇನೆ.

ಚಿಕ್ಕ ಉತ್ತರ ಬೇಕಾ? ಪುಡಿ ಬೇಡ. ಊಟದಿಂದ ಉಪಯೋಗ ಇದೆ, ಆದರೆ ನೀವು ಅಂದುಕೊಂಡ ರೀತಿಯಲ್ಲಿ ಅಲ್ಲ. ಸುಕ್ಕಿನ ವಿಷಯದಲ್ಲಿ ಬಿಸಿಲಿನ ಕೈವಾಡವೇ ಜಾಸ್ತಿ.

ಕೊಲಾಜನ್ ಅಂದರೆ ಏನು ಅಂತ ನಿಮಗೆ ಗೊತ್ತಿರುತ್ತದೆ, ಡಬ್ಬದ ಮೇಲೇ ಬರೆದಿರುತ್ತಾರೆ. ನಮ್ಮ ಮೈಯಲ್ಲಿರುವ ಪ್ರೋಟೀನಿನಲ್ಲಿ ಮೂರರಲ್ಲಿ ಒಂದು ಪಾಲಿನ ಹತ್ತಿರ ಇದೇ ಇದೆ. ಚರ್ಮ, ಮೂಳೆ, ಕೀಲು ಎಲ್ಲ ಕಡೆ ಹಗ್ಗದ ಹಾಗೆ ಬಿಗಿದು ಹಿಡಿದಿರುತ್ತದೆ. ಪ್ರಾಯ ಕಳೆದ ಮೇಲೆ ಚರ್ಮದ ಕೊಲಾಜನ್ ವರ್ಷಕ್ಕೆ ಸುಮಾರು ಶೇ 1ರಷ್ಟು ಕಡಿಮೆಯಾಗುತ್ತಾ ಹೋಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ ಐದು ವರ್ಷದಲ್ಲಿ ಇಳಿತ ಜೋರು, ಶೇ 30ರವರೆಗೂ ಹೋಗಬಹುದು. ಇಲ್ಲಿಯವರೆಗೆ ಡಬ್ಬದಲ್ಲಿ ಬರೆದಿರುವುದು ಸರಿ. ಮುಂದಿನ ವಾಕ್ಯಕ್ಕೆ ಜಾಹೀರಾತು ಶುರುವಾಗುತ್ತದೆ: ಕಡಿಮೆಯಾದದ್ದನ್ನು ಕುಡಿದು ತುಂಬಿಸಿಕೊಳ್ಳಿ.

ಈ ‘ತುಂಬಿಸಿಕೊಳ್ಳುವುದು’ ಇದೆಯಲ್ಲ, ಇದನ್ನು ಜನರ ತಲೆಯಿಂದ ತೆಗೆಯುವುದಕ್ಕೆ ನನ್ನಿಂದ ಇವತ್ತಿಗೂ ಆಗಿಲ್ಲ. ಪುಡಿ ಗಂಟಲಿಂದ ಇಳಿಯುತ್ತದೆ, ಹೊಟ್ಟೆ ದಾಟುತ್ತದೆ, ರಕ್ತ ಸೇರಿ ಸೀದಾ ಕೆನ್ನೆಗೆ ಬಂದು, ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿದ ಹಾಗೆ ಕೂತುಕೊಳ್ಳುತ್ತದೆ! ಚೆನ್ನಾಗಿ ಓದಿಕೊಂಡವರೂ ಇದನ್ನು ನಂಬುತ್ತಾರೆ. ಹಾಗಿದ್ದಿದ್ದರೆ ವಾರಕ್ಕೊಮ್ಮೆ ಭೇಜಾ ಫ್ರೈ ತಿನ್ನುವವರೆಲ್ಲ ಪರೀಕ್ಷೆಯಲ್ಲಿ ರ್‍ಯಾಂಕ್ ತಗೋಬೇಕಿತ್ತು, ಅಲ್ವಾ?

ಹೊಟ್ಟೆಗೆ ಹೆಸರು ಓದಲು ಬರುವುದಿಲ್ಲ. ಕೊಲಾಜನ್ ಆಗಲಿ, ತೊಗರಿಬೇಳೆ ಆಗಲಿ, ಮೊಟ್ಟೆ ಆಗಲಿ, ಅದಕ್ಕೆ ಎಲ್ಲವೂ ಒಂದೇ ತರಹದ ಮಣಿಸರ. ಮಣಿಗಳ ಹೆಸರು ಅಮೈನೊ ಆಮ್ಲ. ಜಠರ, ಸಣ್ಣ ಕರುಳು ಸೇರಿ ಸರವನ್ನು ಕಿತ್ತು ಮಣಿ ಬಿಡಿಸುತ್ತವೆ. ಬಿಡಿ ಮಣಿ ರಕ್ತಕ್ಕೆ ಹೋಗುತ್ತದೆ. ಅಲ್ಲಿಂದ ಯಾವ ಜೀವಕೋಶಕ್ಕೆ ಏನು ಬೇಕೋ ಅದು ಎತ್ತಿಕೊಳ್ಳುತ್ತದೆ. ಹಳೇ ಬಳೆಯನ್ನು ಅಕ್ಕಸಾಲಿಗೆ ಕೊಟ್ಟರೆ ಅವನು ಮೊದಲು ಕರಗಿಸುತ್ತಾನೆ. ಕರಗಿದ ಚಿನ್ನಕ್ಕೆ ತಾನು ಬಳೆಯಾಗಿದ್ದೆ ಅನ್ನುವ ನೆನಪು ಇರುವುದಿಲ್ಲ. ಉಂಗುರಕ್ಕೆ ಆರ್ಡರ್ ಬಂದರೆ ಉಂಗುರ, ಮೂಗುಬೊಟ್ಟಿಗೆ ಬಂದರೆ ಮೂಗುಬೊಟ್ಟು. ನೀವು ಕುಡಿದ ಕೊಲಾಜನ್ನೂ ಹಾಗೇ. ಒಂದಷ್ಟು ರಕ್ತದ ಪ್ರೋಟೀನ್ ಆಗುತ್ತದೆ, ಒಂದಷ್ಟು ಸ್ನಾಯುವಾಗುತ್ತದೆ, ಒಂದಷ್ಟು ಒಲೆಗೆ ಸೌದೆಯಾಗುತ್ತದೆ.

“ಸರ್, ನಮ್ಮದು ಹೈಡ್ರೊಲೈಸ್ಡ್, ಬೇಗ ಹೀರಿಕೊಳ್ಳುತ್ತೆ” ಅಂತ ಮಾರುವವರು ಹೇಳುತ್ತಾರೆ. ಹೌದು ಸ್ವಾಮಿ, ಬೇಗ ಹೀರಿಕೊಳ್ಳುತ್ತದೆ. ಹೈಡ್ರೊಲೈಸ್ ಅಂದರೇನೇ ಮೊದಲೇ ಕತ್ತರಿಸಿದ್ದು. ಅರ್ಧ ಕರಗಿಸಿದ ಬಳೆಯನ್ನು ಬಳೆ ಅಂತಲೇ ಮಾರುತ್ತಿದ್ದಾರೆ, ಅಷ್ಟೇ.

ಈಗ ನನ್ನ ಮೆಚ್ಚಿನ ಅಂಶ. ತರಗತಿಯಲ್ಲಿ ಇದನ್ನು ಹೇಳಿ ಎರಡು ನಿಮಿಷ ಸುಮ್ಮನೆ ನಿಲ್ಲುತ್ತಿದ್ದೆ, ಹುಡುಗರಿಗೆ ಹೊಳೆಯಲಿ ಅಂತ. ಕೊಲಾಜನ್ನಿನಲ್ಲಿ ಹೈಡ್ರಾಕ್ಸಿಪ್ರೊಲೀನ್ ಅನ್ನುವ ವಿಶೇಷ ಮಣಿ ಇದೆ. ಬೇರೆ ಪ್ರೋಟೀನುಗಳಲ್ಲಿ ಇದು ತೀರಾ ಅಪರೂಪ. ಹಾಗಾದರೆ ಕೊಲಾಜನ್ ಕಟ್ಟಲು ಇದನ್ನೇ ತಿನ್ನಬೇಕು ಅಲ್ವಾ? ತಿನ್ನಿ. ದೇಹ ಮುಟ್ಟುವುದಿಲ್ಲ. ನಮ್ಮ ಡಿಎನ್‌ಎಯಲ್ಲಿ ಈ ಮಣಿಗೆ ಅಕ್ಷರವೇ ಇಲ್ಲ. ಜೀವಕೋಶ ಮೊದಲು ಸಾದಾ ಪ್ರೊಲೀನ್ ಪೋಣಿಸುತ್ತದೆ, ಪೋಣಿಸಿದ ಮೇಲೆ ಅಲ್ಲಲ್ಲೇ ಅದನ್ನು ಹೈಡ್ರಾಕ್ಸಿಪ್ರೊಲೀನ್ ಮಾಡಿಕೊಳ್ಳುತ್ತದೆ. ಸಾದಾ ಪ್ರೊಲೀನ್ ನಿಮ್ಮ ಬೇಳೆ ಸಾರಿನಲ್ಲೂ ಇದೆ. ಅಂದರೆ ಎರಡು ಸಾವಿರ ಕೊಟ್ಟು ತಂದ ಪುಡಿಯಲ್ಲಿ ಯಾವುದು ವಿಶೇಷವೋ, ಹೊಸ ಸರ ಪೋಣಿಸುವಾಗ ಅದೊಂದನ್ನೇ ದೇಹ ಬಳಸುವುದಿಲ್ಲ.

ಎದುರು ಪಕ್ಷದ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಮೇಷ್ಟ್ರು ಮೋಸ ಮಾಡಿದ ಹಾಗೆ. ಎಲ್ಲವೂ ಬಿಡಿ ಮಣಿಯಾಗುವುದಿಲ್ಲ. ಎರಡು ಮೂರು ಮಣಿ ಅಂಟಿಕೊಂಡಿರುವ ತುಣುಕುಗಳು ಒಂದಿಷ್ಟು ಹಾಗೇ ರಕ್ತಕ್ಕೆ ಸೇರುತ್ತವೆ. ಇದನ್ನು ಅಳೆದು ತೋರಿಸಿದ್ದಾರೆ. ಈ ತುಣುಕುಗಳನ್ನು ಕಂಡ ಚರ್ಮದ ಕೋಶ ‘ಎಲ್ಲೋ ಕೊಲಾಜನ್ ಒಡೆದಿದೆ, ಹೊಸದು ಕಟ್ಟೋಣ’ ಅಂತ ಎಚ್ಚೆತ್ತುಕೊಳ್ಳಬಹುದು ಅನ್ನುವುದು ಒಂದು ವಾದ. ಹುಚ್ಚು ವಾದವೇನಲ್ಲ. ಆದರೆ ಮನುಷ್ಯರ ಮುಖದ ಮೇಲೆ ಅದು ಕಾಣಬೇಕಲ್ಲ? 2021ರಲ್ಲಿ 19 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ ಚರ್ಮದ ತೇವ, ಎಳೆತ ಸ್ವಲ್ಪ ಸುಧಾರಿಸಿದ ಹಾಗೆ ಕಂಡಿತು. ಜಾಹೀರಾತಿನವರು ಇವತ್ತಿಗೂ ಹಿಡಿದುಕೊಂಡಿರುವುದು ಇಂಥ ಫಲಿತಾಂಶಗಳನ್ನೇ. 2025ರಲ್ಲಿ 23 ಪ್ರಯೋಗ, 1,474 ಜನರ ಲೆಕ್ಕ ತೆಗೆದರು. ಈ ಸಲ ಒಂದು ಕೆಲಸ ಜಾಸ್ತಿ ಮಾಡಿದರು, ದುಡ್ಡು ಕೊಟ್ಟವರು ಯಾರು ಅಂತ ವಿಂಗಡಿಸಿದರು. ಕಂಪನಿ ದುಡ್ಡಿನ ಪ್ರಯೋಗಗಳಲ್ಲಿ ಗುಣ ಕಂಡಿತು. ಕಂಪನಿ ದುಡ್ಡಿಲ್ಲದವುಗಳಲ್ಲಿ ಏನೂ ಇಲ್ಲ. ಅಚ್ಚುಕಟ್ಟಾಗಿ ನಡೆಸಿದ ಪ್ರಯೋಗಗಳಲ್ಲೂ ಏನೂ ಇಲ್ಲ.

ಹಾಗಾದರೆ ನಾದಿನಿಯ ಮುಖ? ನಾನು ಅವರನ್ನು ನೋಡಿಲ್ಲ. ಆದರೆ ನನ್ನ ಹತ್ತಿರ ಬರುವ ಇಂಥ ಕಥೆಗಳಲ್ಲಿ ಪುಡಿ ಒಂದೇ ಬಂದಿರುವುದಿಲ್ಲ. ಎರಡು ಸಾವಿರ ಕೊಟ್ಟವರು ನೀರು ಜಾಸ್ತಿ ಕುಡಿಯಲು ಶುರು ಮಾಡಿರುತ್ತಾರೆ, ರಾತ್ರಿ ಬೇಗ ಮಲಗುತ್ತಾರೆ, ಮುಖಕ್ಕೆ ಕ್ರೀಮ್ ಹಚ್ಚುತ್ತಾರೆ. ಇನ್ನೊಂದು, ಚಳಿಗಾಲದಲ್ಲಿ ಚರ್ಮ ಬಿರಿದು ಬಿಳಿಚಿಕೊಂಡಾಗ ಡಬ್ಬ ತರುತ್ತಾರೆ. ಮೂರು ತಿಂಗಳಾಗುವಷ್ಟರಲ್ಲಿ ಯುಗಾದಿ ಬಂದಿರುತ್ತದೆ, ಬೆವರಿಗೆ ಎಲ್ಲರ ಮುಖವೂ ಹೊಳೆಯುತ್ತಿರುತ್ತದೆ. ಇನ್ನು, ಆರೋಗ್ಯವಂತ ಚರ್ಮದಲ್ಲಿ ಕೊಲಾಜನ್ ಅರ್ಧದಷ್ಟು ಬದಲಾಗಲು ಸುಮಾರು 15 ವರ್ಷ ಬೇಕು. ಮೂರು ತಿಂಗಳಲ್ಲಿ ಹೊಸ ಚರ್ಮ ಅನ್ನುವವರು ಈ ಲೆಕ್ಕವನ್ನೂ ಸ್ವಲ್ಪ ನೋಡಲಿ. (ಇದನ್ನು ನಾದಿನಿಗೆ ತೋರಿಸಬೇಡಿ. ಮನೆ ಜಗಳಕ್ಕೆ ನಾನು ಜವಾಬ್ದಾರನಲ್ಲ.)

ಊಟಕ್ಕೆ ಬರೋಣ. ಮೇಲೆ ಹೇಳಿದೆನಲ್ಲ, ಪ್ರೊಲೀನನ್ನು ಅಲ್ಲೇ ಹೈಡ್ರಾಕ್ಸಿಪ್ರೊಲೀನ್ ಮಾಡಿಕೊಳ್ಳುತ್ತದೆ ಅಂತ, ಆ ಕೆಲಸಕ್ಕೆ ವಿಟಮಿನ್ ಸಿ ಬೇಕೇ ಬೇಕು. ಅದಿಲ್ಲದಿದ್ದರೆ ಹಗ್ಗಕ್ಕೆ ಹುರಿ ಬರುವುದಿಲ್ಲ. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿ ಒಣ ಬಿಸ್ಕತ್ತು, ಉಪ್ಪು ಮಾಂಸ ತಿಂದು ಬದುಕುತ್ತಿದ್ದ ನಾವಿಕರಿಗೆ ಆಗುತ್ತಿದ್ದದ್ದು ಇದೇ. ವಸಡಿನಿಂದ ರಕ್ತ ಬರುತ್ತಿತ್ತು, ಎಷ್ಟೋ ವರ್ಷದ ಹಿಂದೆ ಮಾಗಿದ ಗಾಯ ಮತ್ತೆ ಬಾಯಿ ಬಿಡುತ್ತಿತ್ತು. ಜೇಮ್ಸ್ ಲಿಂಡ್ ಅನ್ನುವ ಹಡಗಿನ ವೈದ್ಯ 1747ರಲ್ಲಿ ಕಿತ್ತಳೆ, ನಿಂಬೆ ಕೊಟ್ಟು ಅವರನ್ನು ಎಬ್ಬಿಸಿದ. ನಮಗೆ ದಿನಕ್ಕೆ ಬೇಕಾಗಿರುವುದು ಹೆಂಗಸರಿಗೆ 65, ಗಂಡಸರಿಗೆ 80 ಮಿಲಿಗ್ರಾಂ. 100 ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂ ಹತ್ತಿರ ಇದೆ. ಒಂದು ಸಣ್ಣ ಸೀಬೆ ತಿಂದರೆ ದಿನದ ಲೆಕ್ಕ ಮುಗಿಯಿತು. ಹಾಗಂತ ನಾಲ್ಕು ತಿಂದರೆ ನಾಲ್ಕು ಪಟ್ಟು ಯೌವನ ಬರುವುದಿಲ್ಲ, ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗುತ್ತದೆ.

ಇನ್ನು ಮಣಿಗಳಿಗೆ ಬೇಳೆಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. 10 ಗ್ರಾಂ ಕೊಲಾಜನ್ ಪುಡಿಯಷ್ಟು ಪ್ರೋಟೀನ್ ಸುಮಾರು 45 ಗ್ರಾಂ ಹುರುಳಿಯಲ್ಲಿ ಸಿಗುತ್ತದೆ. ಕೊಲಾಜನ್ನಿನಲ್ಲಿ ಟ್ರಿಪ್ಟೊಫಾನ್ ಅನ್ನುವ ಅಗತ್ಯದ ಮಣಿ ಇಲ್ಲವೇ ಇಲ್ಲ, ಹುರುಳಿಯಲ್ಲಿ ಅದೂ ಇದೆ. ಹುರುಳಿ ಕಟ್ಟಿನ ಸಾರು, ಪಕ್ಕದಲ್ಲಿ ನಿಂಬೆ ಹಿಂಡಿದ ಕೋಸಂಬರಿ. ಕೊಲಾಜನ್ನಿಗೆ ಊಟದಿಂದ ಆಗಬೇಕಾದ ಕೆಲಸ ಇಷ್ಟೇ. ಇಷ್ಟು ತಿನ್ನುತ್ತಿರುವವರು ಬದಲಾಯಿಸಬೇಕಾದ್ದು ಏನೂ ಇಲ್ಲ.

ಬಿಸಿಲಿನ ವಿಷಯ ಯಾರೂ ಕೇಳುವುದೇ ಇಲ್ಲ, ಕೇಳಬೇಕಾಗಿದ್ದದ್ದು ಅದನ್ನು. ಬಿಸಿಲಿನಲ್ಲಿರುವ ಅಲ್ಟ್ರಾವಯಲೆಟ್ ಕಿರಣ ಚರ್ಮದೊಳಗೆ ಕೊಲಾಜನ್ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 69 ವರ್ಷದ ಲಾರಿ ಡ್ರೈವರ್ ಒಬ್ಬನ ಫೋಟೊ ಬಂತು. 28 ವರ್ಷ ಲಾರಿ ಓಡಿಸಿದವನು. ಬಲಗೆನ್ನೆ ವಯಸ್ಸಿಗೆ ತಕ್ಕ ಹಾಗಿದೆ, ಎಡಗೆನ್ನೆ ಅವನ ಅಪ್ಪನದು ಅನ್ನಬೇಕು, ಅಷ್ಟು ಸುಕ್ಕು. ಅಲ್ಲಿ ಸ್ಟೇರಿಂಗ್ ಎಡಕ್ಕೆ, ಕಿಟಕಿಯ ಬಿಸಿಲು ಎಡಗಡೆ. ಗಾಜು ಏರಿಸಿದ್ದರೂ ಕಿರಣದಲ್ಲಿ ಒಂದು ಬಗೆಯದು ಒಳಗೆ ಬಂದೇ ಬರುತ್ತದೆ. ನಮ್ಮ ಬಸ್ ಡ್ರೈವರುಗಳಿಗೆ ಬಿಸಿಲು ಬೀಳುವುದು ಬಲಗೆನ್ನೆಗೆ. ಒಂದೇ ಮುಖ, ಎರಡು ಕೆನ್ನೆಗೂ ಒಂದೇ ಊಟ, ಒಂದೇ ವಯಸ್ಸು. ಇದಕ್ಕಿಂತ ಸಾಕ್ಷಿ ಬೇಕಾ? ಆಸ್ಟ್ರೇಲಿಯಾದ ನಾಂಬೂರ್ ಅನ್ನುವ ಊರಿನಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ನೋಡಿದರು. ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮದ ಮುಪ್ಪು ಉಳಿದವರಿಗಿಂತ ಶೇ 24ರಷ್ಟು ಕಡಿಮೆ. ಕೊಡೆ ಹಿಡಿದರೂ ಆಗುತ್ತದೆ. ನಮ್ಮ ಅಜ್ಜಿ ಹೊಲಕ್ಕೆ ಹೋಗುವಾಗ ತಲೆ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದದ್ದು ಬರೀ ಮರ್ಯಾದೆಗೆ ಅಂತ ತಿಳಿದಿದ್ದೆ. ಸೇದುವವರು ಬೀಡಿ ಸಿಗರೇಟು ಬಿಡಲಿ, ಅದೂ ಕೊಲಾಜನ್ ಕಡಿಯುತ್ತದೆ.

ಉಪಪ್ರಶ್ನೆಗಳು ಎರಡು ಇರುತ್ತವೆ, ಗೊತ್ತು. ಕಾಲು ಸೂಪು? ಮೇಕೆ ಕಾಲು ಗಂಟೆಗಟ್ಟಲೆ ಬೇಯಿಸಿದರೆ ಅದರ ಕೊಲಾಜನ್ ಬೆಂದು ಜೆಲಾಟಿನ್ ಆಗುತ್ತದೆ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಹೆಪ್ಪುಗಟ್ಟುವುದು ಅದಕ್ಕೇ. ಚಳಿಗೆ ಮೆಣಸು ಹಾಕಿ ಕುಡಿಯಲು ಬಹಳ ಚೆನ್ನ. ಸುಕ್ಕಿಗೆ ಪುಡಿಯದೇ ಕಥೆ. ‘ವೆಜ್ ಕೊಲಾಜನ್’? ಗಿಡದಲ್ಲಿ ಕೊಲಾಜನ್ ಇಲ್ಲ, ಮುಗೀತು. ದನದ ಚರ್ಮ, ಹಂದಿ ಚರ್ಮ, ಮೀನಿನ ಚರ್ಮ ಮತ್ತು ಪೊರೆ, ಬರುವುದು ಇವುಗಳಿಂದ. ವೆಜ್ ಡಬ್ಬದಲ್ಲಿರುವುದು ಸಾಮಾನ್ಯವಾಗಿ ವಿಟಮಿನ್ ಸಿ, ನೆಲ್ಲಿಕಾಯಿ ಪುಡಿ, ಬಯೋಟಿನ್ ಅನ್ನುವ ಬಿ ವಿಟಮಿನ್. ಬಯೋಟಿನ್ ಜಾಸ್ತಿ ತಗೊಳ್ಳುತ್ತಿದ್ದರೆ ಥೈರಾಯ್ಡ್ ರಕ್ತ ಪರೀಕ್ಷೆಗೆ ಮುಂಚೆ ಡಾಕ್ಟರಿಗೆ ಹೇಳಿ, ರಿಪೋರ್ಟು ತಪ್ಪಾಗಿ ಬರಬಹುದು.

ಇಷ್ಟೆಲ್ಲ ಕೇಳಿದವರು ಒಬ್ಬರೂ ‘ಕೊಲಾಜನ್ ನೋಡಲು ಹೇಗಿದೆ, ಅದರ ಆಕಾರ ಕಂಡುಹಿಡಿದವರು ಯಾರು?’ ಅಂತ ಕೇಳಲಿಲ್ಲ. ನೀವು ಕೇಳದಿದ್ದರೂ ಹೇಳುತ್ತೇನೆ, ಏಕೆಂದರೆ ಉತ್ತರ ನಮ್ಮ ಪಕ್ಕದ್ದೇ. 1952ರಲ್ಲಿ ಬ್ರಿಟನ್ನಿನ ವಿಜ್ಞಾನಿ ಜೆ.ಡಿ. ಬರ್ನಾಲ್ ಮದರಾಸಿಗೆ ಬಂದಾಗ, ಕೊಲಾಜನ್ನಿನ ಆಕಾರ ಇನ್ನೂ ಯಾರಿಗೂ ಬಿಡಿಸಲಾಗಿಲ್ಲ ಅಂದರು. ಅಮೆರಿಕದ ದೊಡ್ಡ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ಕೊಟ್ಟ ಮಾದರಿಯೂ ತಪ್ಪಿತ್ತು. ಆಗ ಮದರಾಸು ವಿಶ್ವವಿದ್ಯಾಲಯದಲ್ಲಿದ್ದ ಜಿ.ಎನ್. ರಾಮಚಂದ್ರನ್ ಅದನ್ನು ಹಿಡಿದು ಕೂತರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಕೈಕೆಳಗೆ ಕಲಿತವರು. ಕಾಂಗರೂ ಬಾಲದ ಸ್ನಾಯುರಜ್ಜಿಗೆ ಎಕ್ಸ್‌ರೇ ಹಾಯಿಸಿ, ಗೋಪಿನಾಥ್ ಕರ್ತಾ ಜೊತೆ 1954ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಉತ್ತರ ಬರೆದರು. ಆಗ ರಾಮಚಂದ್ರನ್‌ಗೆ 31 ವರ್ಷ. ಮೂರು ಎಳೆ ಸೇರಿ ಒಂದು, ಅಂದರು. ಮರುವರ್ಷ ಆ ಎಳೆಗಳು ಒಂದನ್ನೊಂದು ಸುತ್ತಿಕೊಂಡಿವೆ ಅಂತ ತಿದ್ದಿದರು. 1971ರಲ್ಲಿ ಬೆಂಗಳೂರಿಗೇ ವಾಪಸು ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು.

ಕೆಲವರು ಇದನ್ನು ಮೂರೆಳೆ ಜಡೆ ಅನ್ನುತ್ತಾರೆ. ಜಡೆ ಅಲ್ಲ, ಹುರಿ. ಜಡೆಯಲ್ಲಿ ಎಳೆಗಳು ಒಂದರ ಮೇಲೊಂದು ದಾಟುತ್ತವೆ, ಹುರಿಯಲ್ಲಿ ಸುತ್ತುತ್ತವೆ. ಅಷ್ಟು ಬಿಗಿಯಾಗಿ ಸುತ್ತಿದಾಗ ನಡುವೆ ಜಾಗವೇ ಇರುವುದಿಲ್ಲ. ಎಲ್ಲಕ್ಕಿಂತ ಸಣ್ಣ ಮಣಿ ಗ್ಲೈಸಿನ್, ಅದೊಂದೇ ಅಲ್ಲಿ ಹಿಡಿಸುತ್ತದೆ. ಅದಕ್ಕೇ ಪ್ರತಿ ಮೂರನೇ ಮಣಿ ಗ್ಲೈಸಿನ್ನೇ. ಹುಡುಗರಿಗೆ ತೋರಿಸಲು ನಾನು ಮೂರು ಸುತಲಿ ದಾರಕ್ಕೆ ಮಣಿ ಪೋಣಿಸಿ ಹುರಿ ಮಾಡಿದ್ದೆ, ಮೂರನೆಯದೆಲ್ಲ ಸಣ್ಣ ಬಿಳಿ ಮಣಿ. ಮೇಜಿನ ಡ್ರಾಯರಿನಲ್ಲಿ ಈಗಲೂ ಇದೆ. ಒಂದು ಸಲ ತಲೆಹರಟೆ ಹುಡುಗನೊಬ್ಬ ಒಂದು ಬಿಳಿ ಮಣಿ ತೆಗೆದು ದಪ್ಪ ಕೆಂಪು ಮಣಿ ಸೇರಿಸಿಟ್ಟಿದ್ದ. ಆ ಜಾಗದಲ್ಲಿ ಹುರಿ ಉಬ್ಬಿಕೊಂಡು, ಹಿಡಿದು ಎಳೆದರೆ ಬಿಚ್ಚಿಕೊಳ್ಳುತ್ತಿತ್ತು. ಬೈಯಲು ಹೋದವನು ಆ ವರ್ಷದ ಪಾಠವನ್ನೇ ಅದರಿಂದ ಶುರು ಮಾಡಿದೆ.