ಮಡಿದ ಯೋಧರ ದಿನ ಅಂದರೆ ನಾವು ಮಾಡಬೇಕಾದ್ದೇನು?

ಪ್ರಶ್ನೆ: ಮಗಳು ಅಮೆರಿಕದಲ್ಲಿದ್ದಾಳೆ. ಮೇ ತಿಂಗಳ ಕೊನೆಯ ಸೋಮವಾರ ಅವರಿಗೆ ರಜೆ. ಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗಂತೆ. ಆದರೆ ಅವಳು ಕಳಿಸಿದ ಫೋಟೊದಲ್ಲಿ ಎಲ್ಲರೂ ಅಂಗಳದಲ್ಲಿ ಒಲೆ ಹಚ್ಚಿಕೊಂಡು ತಿಂದು ನಗುತ್ತಿದ್ದರು. ಇದೆಂಥ ಗೌರವ? ನಮ್ಮಲ್ಲಿ ಅಂಥ ದಿನ ಇದೆಯಾ? ಇದ್ದರೆ ಅವತ್ತು ನಾವು ಏನು ಮಾಡಬೇಕು?
(ಸಾಗರ ತಾಲ್ಲೂಕಿನ ಓದುಗರೊಬ್ಬರಿಂದ)

ಉತ್ತರ: ಮೊದಲು ಮಗಳು ಇರುವ ದೇಶದ ಕತೆ ನೋಡೋಣ. 1861ರಿಂದ 1865ರವರೆಗೆ ಅಮೆರಿಕದ ಉತ್ತರದ ಮತ್ತು ದಕ್ಷಿಣದ ರಾಜ್ಯಗಳು ತಮ್ಮತಮ್ಮಲ್ಲೇ ಹೊಡೆದಾಡಿದವು. ಸತ್ತವರು ಆರು ಲಕ್ಷಕ್ಕೂ ಹೆಚ್ಚು. ಸಾವು ಕಾಣದ ಊರೇ ಇರಲಿಲ್ಲ ಅನ್ನಬಹುದು. ಯುದ್ಧ ಮುಗಿದ ಹೊಸದರಲ್ಲೇ, 1865ರ ಮೇ 1ರಂದು, ಚಾರ್ಲ್‌ಸ್ಟನ್ ಎಂಬ ಊರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಸೇರಿದರು. ಅಲ್ಲಿ ಸೆರೆಯಲ್ಲಿ ಸತ್ತ ಉತ್ತರದ ಸೈನಿಕರನ್ನು ಒಂದೇ ಗುಂಡಿಗೆ ಹಾಕಿ ಮುಚ್ಚಿದ್ದರು. ಇವರು ಆ ದಿನಕ್ಕೆ ಮೊದಲೇ ಅವರನ್ನು ಹೊರತೆಗೆದು, ಒಬ್ಬೊಬ್ಬರಿಗೂ ಬೇರೆ ಗೋರಿ ಮಾಡಿ, ಬೇಲಿ ಕಟ್ಟಿದ್ದರು. ಅವತ್ತು ಹೂವು ಇಟ್ಟರು. ಮೂರು ವರ್ಷದ ಮೇಲೆ, 1868ರ ಮೇ 30ರಂದು, ಜಾನ್ ಲೋಗನ್ ಎಂಬ ಮಾಜಿ ಸೇನಾಧಿಕಾರಿಯ ಕರೆಯಂತೆ ದೇಶದ ಹಲವು ಕಡೆ ಜನ ಗೋರಿಗಳಿಗೆ ಹೂವು ಹಾಕಿದರು. ಮೊದಲು ಅದಕ್ಕೆ ‘ಡೆಕೋರೇಷನ್ ಡೇ’ ಅಂತಲೇ ಹೆಸರು, ಈಗ ‘ಮೆಮೋರಿಯಲ್ ಡೇ’. 1971ರಿಂದ ಅದು ಮೇ ತಿಂಗಳ ಕೊನೆಯ ಸೋಮವಾರಕ್ಕೆ ಬಂತು.

ಸೋಮವಾರಕ್ಕೆ ಬಂದದ್ದೇ ನೀವು ಹೇಳುವ ಫೋಟೊಗೆ ಕಾರಣ. ಶನಿವಾರ, ಭಾನುವಾರದ ಜೊತೆ ಸೇರಿ ಮೂರು ದಿನ ರಜೆ ಸಿಕ್ಕಿತು. ಅಲ್ಲಿ ಬೇಸಿಗೆ ಶುರುವಾಗುವ ಹೊತ್ತು ಬೇರೆ. ಜನ ಊಟ, ತಿರುಗಾಟಕ್ಕೆ ಹೊರಟರು. ‘ಗೋರಿಗೆ ಹೋಗುವವರು ಕಡಿಮೆ, ಅಂಗಡಿಗೆ ಹೋಗುವವರು ಜಾಸ್ತಿ’ ಎಂಬ ಬೇಸರ ಅಲ್ಲಿನ ಜನಕ್ಕೂ ಇದೆ. ಆದರೂ ಅವತ್ತು ಬಾವುಟ ಮಧ್ಯಾಹ್ನದವರೆಗೆ ಅರ್ಧಕ್ಕೆ ಹಾರುತ್ತದೆ, ಆಮೇಲೆ ತುದಿಗೆ ಏರುತ್ತದೆ. ಮೂರು ಗಂಟೆಗೆ ಒಂದು ನಿಮಿಷ ಮೌನವಿರಿ ಎಂದು ಸರ್ಕಾರವೇ ಕೇಳಿಕೊಳ್ಳುತ್ತದೆ.

ಊಟ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ನಾವೂ ಹಿರಿಯರಿಗೆ ಎಡೆ ಇಡುತ್ತೇವಲ್ಲ. ಸತ್ತವರಿಗೆ ಏನು ಇಷ್ಟವೋ ಅದನ್ನೇ ಮಾಡುತ್ತೇವೆ. ಕೆಲವರ ಮನೆಯಲ್ಲಿ ಕಡುಬು, ಕೆಲವರ ಮನೆಯಲ್ಲಿ ಕೋಳಿ ಸಾರು, ಅಜ್ಜ ಸೇದುತ್ತಿದ್ದರೆ ಒಂದು ಕಟ್ಟು ಬೀಡಿಯೂ ಎಲೆಯ ಪಕ್ಕದಲ್ಲಿರುತ್ತದೆ. ಆಮೇಲೆ ಎಲ್ಲರೂ ಕೂತು ಉಣ್ಣುತ್ತಾರೆ, ಅಜ್ಜನ ಜಗಳಗಂಟತನ ನೆನೆದು ನಗುತ್ತಾರೆ. ಆದರೆ ಎಡೆ ಮೊದಲು, ಊಟ ಆಮೇಲೆ. ಮಗಳ ಮನೆಯಲ್ಲಿ ಎಡೆಯ ಭಾಗ ನಡೆದಿದೆಯಾ ಅಂತ ಫೋಟೊದಲ್ಲಿ ಗೊತ್ತಾಗುವುದಿಲ್ಲ. ಬೇಕಾದರೆ ಫೋನಿನಲ್ಲಿ ಕೇಳಿ.

ಈಗ ನಮ್ಮ ಮಾತು. ಮಡಿದ ಯೋಧರಿಗೆ ಅಂತಲೇ ನಮ್ಮಲ್ಲಿ ರಾಷ್ಟ್ರೀಯ ರಜೆ ಇಲ್ಲ. ದಿನಗಳು ಬೇಕಾದಷ್ಟಿವೆ. ಜನವರಿ 15 ಸೇನಾ ದಿನ. 1949ರಲ್ಲಿ ಅವತ್ತು ಕೊಡಗಿನ ಕೆ.ಎಂ. ಕಾರ್ಯಪ್ಪ ಭಾರತದ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಜನವರಿ 30, ಗಾಂಧೀಜಿ ತೀರಿಕೊಂಡ ದಿನ, ಹುತಾತ್ಮರ ದಿನ; ಬೆಳಿಗ್ಗೆ ಹನ್ನೊಂದಕ್ಕೆ ಎರಡು ನಿಮಿಷ ಮೌನ. ಜುಲೈ 26 ಕಾರ್ಗಿಲ್ ವಿಜಯ ದಿವಸ. 1999ರ ಆ ಯುದ್ಧದಲ್ಲಿ ನಮ್ಮ 527 ಯೋಧರು ಸತ್ತರು. ಅಕ್ಟೋಬರ್ 21 ಪೊಲೀಸರದ್ದು. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಬಳಿ ಚೀನೀಯರ ಗುಂಡಿಗೆ ಹತ್ತು ಪೊಲೀಸರು ಬಲಿಯಾದದ್ದರ ನೆನಪು. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಡಿಸೆಂಬರ್ 16 ವಿಜಯ ದಿವಸ, 1971ರಲ್ಲಿ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದ ದಿನ.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಯುದ್ಧದ ಹೆಸರಿರುವ ಎರಡೂ ದಿನ ನಾವು ಗೆದ್ದ ದಿನಗಳು. 1962ರಲ್ಲಿ ಚೀನಾದ ಎದುರು ಹಿಮದಲ್ಲಿ ಸತ್ತವರು ಸಾವಿರಕ್ಕೂ ಹೆಚ್ಚು. 1987ರಿಂದ 1990ರವರೆಗೆ ಶ್ರೀಲಂಕಾಕ್ಕೆ ಹೋದ ನಮ್ಮ ಶಾಂತಿಪಾಲನಾ ಪಡೆಯಲ್ಲೂ ಸಾವಿರಕ್ಕೂ ಹೆಚ್ಚು ಜನ ವಾಪಸ್ ಬರಲಿಲ್ಲ. ಅವರಿಗೆ ಕ್ಯಾಲೆಂಡರಿನಲ್ಲಿ ಕೆಂಪು ಚುಕ್ಕಿಯೂ ಇಲ್ಲ. ಗೆಲುವಿನ ದಿನಕ್ಕೆ ಸತ್ತವರನ್ನು ಸೇರಿಸಿದರೆ ಹೀಗೇ ಆಗೋದು. ಸೋತ ಕಡೆ ಸತ್ತವನ ತಾಯಿ ಯಾವತ್ತು ಹೂವು ಇಡಬೇಕು?

ಇದಕ್ಕೆ ನಮ್ಮ ಮಲೆನಾಡಿನ ಹಳಬರ ಹತ್ತಿರ ಬೇರೆ ಲೆಕ್ಕ ಇತ್ತು. ಶಿಕಾರಿಪುರ, ಸೊರಬ ಕಡೆಯ ಊರುಗಳಲ್ಲಿ ಓಡಾಡಿದವರಿಗೆ ವೀರಗಲ್ಲು ಗೊತ್ತಿರುತ್ತದೆ. ಗುಡಿಯ ಪಕ್ಕ, ಕೆರೆ ಏರಿ ಮೇಲೆ, ಗದ್ದೆ ಬದುವಿನಲ್ಲಿ, ಕೆಲವು ಕಡೆ ಪಾಪ ಕೊಟ್ಟಿಗೆಯ ಮೆಟ್ಟಿಲಾಗಿಯೂ ಬಿದ್ದಿರುತ್ತವೆ. ಸುಲಭವಾಗಿ ನೋಡಬೇಕಾದರೆ ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯ ಸಂಗ್ರಹಾಲಯಕ್ಕೆ ಹೋಗಿ. ಇಲ್ಲವೇ ಬಳ್ಳಿಗಾವಿಗೆ ಹೋಗಿ.

ಈ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತವೆ. ಕೆಳಗಿನದರಲ್ಲಿ ಹೊಡೆದಾಟ: ಕತ್ತಿ, ಬಿಲ್ಲು, ಕುದುರೆ, ಎಷ್ಟೋ ಕಲ್ಲುಗಳಲ್ಲಿ ದನಗಳ ಸಾಲು. ನಡುವಿನದರಲ್ಲಿ ಅಪ್ಸರೆಯರು ಆತನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲಿನದರಲ್ಲಿ ಆತ ಲಿಂಗದ ಮುಂದೆ ಕೂತಿರುತ್ತಾನೆ. ಜೈನನಾದರೆ ಜಿನನ ಮುಂದೆ. ಪಟ್ಟಿಗಳ ನಡುವಿನ ಅಂಚಿನಲ್ಲಿ ಬರಹ. ಯಾವ ಶಕ ವರ್ಷ, ಯಾವ ಸಂವತ್ಸರ, ಯಾವ ತಿಥಿ, ಯಾವ ವಾರ. ಆಳುತ್ತಿದ್ದವನು ಯಾರು. ಸತ್ತವನು ಯಾರ ಮಗ, ಯಾವ ಊರಿನವನು. ಏನಾಯಿತು. ಕಲ್ಲು ನಿಲ್ಲಿಸಿದವರು ಯಾರು. ಎಲ್ಲ ಕಲ್ಲಿನಲ್ಲೂ ಇಷ್ಟೂ ಇರುವುದಿಲ್ಲ, ಬರಹವೇ ಇಲ್ಲದವೂ ಇವೆ. ಇರುವ ಕಡೆ ಮಾತ್ರ ಒಬ್ಬ ಮನುಷ್ಯನ ಪೂರ್ತಿ ವಿಳಾಸವೇ ಸಿಗುತ್ತದೆ. ಮೈಸೂರಿನ ಪುರಾತತ್ವ ಇಲಾಖೆಯ ಮುಖ್ಯಸ್ಥನಾಗಿದ್ದ ಬಿ.ಎಲ್. ರೈಸ್ ನೂರಿಪ್ಪತ್ತು ವರ್ಷದ ಹಿಂದೆಯೇ ನಮ್ಮ ಜಿಲ್ಲೆಯ ಇಂಥ ಬರಹಗಳನ್ನು ಓದಿಸಿ ಅಚ್ಚು ಹಾಕಿಸಿದ. ಅದರಿಂದಾಗಿ ಆಮೇಲೆ ಕಳೆದುಹೋದ ಕಲ್ಲುಗಳ ಮಾತೂ ಉಳಿದಿದೆ. ನಿಧಿ ಆಸೆಗೆ ಬುಡ ಅಗೆದು ಕೆಡವಿದವರ ಬಗ್ಗೆ ಬರೆಯಲು ಹೋದರೆ ಇವತ್ತಿನ ಉತ್ತರ ಮುಗಿಯುವುದಿಲ್ಲ, ಬಿಡಿ.

ನನಗೆ ಇಷ್ಟವಾಗುವುದು ಈ ಕಲ್ಲುಗಳ ಉದಾರತನ. ರಾಜರ ದೊಡ್ಡ ಯುದ್ಧದಲ್ಲಿ ಸತ್ತವನಿಗೂ ಕಲ್ಲಿದೆ. ಊರ ದನ ಹೊಡೆದುಕೊಂಡು ಹೋಗುತ್ತಿದ್ದ ಕಳ್ಳರನ್ನು ಅಟ್ಟಿಸಿಕೊಂಡು ಹೋಗಿ ಸತ್ತವನಿಗೂ ಇದೆ. ಹೆಂಗಸರ ಮಾನ ಕಾಯಲು ನಿಂತವನಿಗೆ, ಹುಲಿ ಜೊತೆ ಕಾದಾಡಿ ಸತ್ತವನಿಗೆ ಕೂಡ ಇದೆ. ಜಗಳ ಗೆದ್ದಿತಾ ಸೋತಿತಾ ಅನ್ನುವುದರ ಮೇಲೆ ಕಲ್ಲು ನಿಂತಿಲ್ಲ. ಸತ್ತವನು ಬೇರೆಯವರಿಗಾಗಿ ನಿಂತಿದ್ದನಾ ಅನ್ನುವುದಷ್ಟೇ ಲೆಕ್ಕ.

ಹಲವು ವೀರಗಲ್ಲುಗಳಲ್ಲಿ ಒಂದು ಸಂಸ್ಕೃತ ಶ್ಲೋಕವಿದೆ. ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ’ ಎಂದು ಶುರುವಾಗುತ್ತದೆ. ಗೆದ್ದರೆ ಸಂಪತ್ತು, ಸತ್ತರೆ ಸ್ವರ್ಗದ ಹೆಣ್ಣು. ಕ್ಷಣದಲ್ಲಿ ಹೋಗುವ ದೇಹಕ್ಕೆ ಯುದ್ಧದಲ್ಲಿ ಸಾಯುವ ಚಿಂತೆ ಯಾಕೆ ಎಂದು ಅರ್ಥ. ಓದಲು ಚೆನ್ನಾಗಿದೆ. ಸತ್ತವನ ಹೆಂಡತಿಗೆ, ತಾಯಿಗೆ ಏನು ಸಿಗುತ್ತದೆ ಅನ್ನುವುದು ಮಾತ್ರ ಶ್ಲೋಕದಲ್ಲಿ ಇಲ್ಲ. ಇವತ್ತಿನ ನಮ್ಮ ಭಾಷಣಗಳೂ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತವೆ.

ಶಾಸನಗಳು ಅಲ್ಲಿಗೆ ನಿಲ್ಲಲಿಲ್ಲ. ಸತ್ತವನ ಮನೆಯವರಿಗೆ ಗದ್ದೆ, ಹೊಲ ಬಿಟ್ಟುಕೊಟ್ಟ ಸಂಗತಿ ಎಷ್ಟೋ ಕಲ್ಲುಗಳಲ್ಲಿದೆ. ಅದಕ್ಕೆ ನೆತ್ತರುಗೊಡಗೆ ಅನ್ನುತ್ತಿದ್ದರು. ರಕ್ತ ಚೆಲ್ಲಿದ್ದಕ್ಕೆ ಕೊಟ್ಟ ಭೂಮಿ. ಅದನ್ನು ಕಿತ್ತುಕೊಂಡವನಿಗೆ ಇಂಥಿಂಥ ಪಾಪ ಬರಲಿ ಎಂಬ ಶಾಪವನ್ನೂ ಕೆಲವು ಕಡೆ ಸೇರಿಸಿದ್ದಾರೆ. ಕೊಟ್ಟ ಜಮೀನನ್ನು ಆಮೇಲೆ ಯಾರಾದರೂ ನುಂಗುತ್ತಾರೆ ಅಂತ ಅವರಿಗೂ ಗೊತ್ತಿತ್ತು ನೋಡಿ.

ಹಾಗಂತ ಹಳೆಯದೆಲ್ಲ ಚಿನ್ನ ಅನ್ನಬೇಡಿ. ಎಷ್ಟೋ ಕಡೆ ವೀರಗಲ್ಲಿನ ಪಕ್ಕದಲ್ಲೇ ಮಾಸ್ತಿಕಲ್ಲು ನಿಂತಿರುತ್ತದೆ. ಬಳೆ ತೊಟ್ಟ ಒಂದು ಕೈ, ಮೇಲೆ ಎತ್ತಿದ್ದು. ಗಂಡನ ಚಿತೆ ಹತ್ತಿದವಳ ಗುರುತು. ಸತ್ತವನಿಗೆ ಗೌರವ ಕೊಡುವ ಭರದಲ್ಲಿ ಬದುಕಿದ್ದವಳನ್ನೂ ಕೊಂದದ್ದಕ್ಕೆ ಆ ಕಲ್ಲು ಸಾಕ್ಷಿ. ನೆತ್ತರುಗೊಡಗೆಯೂ ನಮ್ಮವರದ್ದೇ, ಇದೂ ನಮ್ಮವರದ್ದೇ. ಯಾವುದನ್ನು ಮುಂದುವರಿಸಬೇಕು ಅಂತ ಆರಿಸಿಕೊಳ್ಳುವುದು ನಮಗೆ ಬಿಟ್ಟದ್ದು.

ಈಗಿನ ವ್ಯವಸ್ಥೆ ಹೇಗಿದೆ? ಹೆಸರಿನ ಮಟ್ಟಿಗೆ ಚೆನ್ನಾಗಿದೆ. ದೆಹಲಿಯ ಇಂಡಿಯಾ ಗೇಟ್ ಬ್ರಿಟಿಷರ ಕಾಲದ್ದು. ಸ್ವತಂತ್ರ ಭಾರತದ ಯೋಧರಿಗೆ ಅಂತ ರಾಷ್ಟ್ರೀಯ ಯುದ್ಧ ಸ್ಮಾರಕ ಬಂದದ್ದು 2019ರ ಫೆಬ್ರವರಿ 25ಕ್ಕೆ. ಅಲ್ಲಿ ಗೋಡೆಯ ಒಂದೊಂದು ಗ್ರಾನೈಟ್ ಕಲ್ಲಿನ ಮೇಲೆ ಒಬ್ಬೊಬ್ಬರ ಹೆಸರಿದೆ. 25 ಸಾವಿರಕ್ಕೂ ಹೆಚ್ಚು ಹೆಸರುಗಳು. 1962ರವರೂ ಇದ್ದಾರೆ, ಶ್ರೀಲಂಕಾದಲ್ಲಿ ಸತ್ತವರೂ ಇದ್ದಾರೆ. ಸಂಜೆ ಹೊತ್ತು ಮಡಿದ ಯೋಧರೊಬ್ಬರ ಮನೆಯವರನ್ನು ಕರೆಸಿ ಅವರ ಕೈಯಿಂದಲೇ ಹೂವಿನ ಚಕ್ರ ಇಡಿಸುವ ಪದ್ಧತಿ ಇದೆ. ಮಂತ್ರಿಗಳಿಗಿಂತ ಮನೆಯವರು ಇಟ್ಟ ಹೂವಿಗೆ ತೂಕ ಜಾಸ್ತಿ ಅಂತ ನನ್ನ ಅನಿಸಿಕೆ.

ಗುಂಡು ತಗುಲಿ ಸತ್ತವರು ಮಾತ್ರ ಯೋಧರು ಅಂದುಕೊಳ್ಳುವುದೂ ಬೇಡ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಅವರು ಆರು ದಿನದ ಮೇಲೆ ಹಿಮದಡಿ ಜೀವಂತ ಸಿಕ್ಕರು. ಮೂರು ದಿನ ಬದುಕಿದ್ದು ಫೆಬ್ರವರಿ 11ರಂದು ತೀರಿಕೊಂಡರು. ಅಲ್ಲಿ ಶತ್ರು ಇರಲಿಲ್ಲ, ಚಳಿ ಇತ್ತು. ಹುಲಿಯ ಎದುರು ಸತ್ತವನಿಗೂ ಕಲ್ಲು ನಿಲ್ಲಿಸಿದ ನಮ್ಮ ಹಳಬರು ಈ ಸಾವನ್ನು ಎರಡನೇ ದರ್ಜೆಯದು ಅನ್ನುತ್ತಿರಲಿಲ್ಲ.

ಮನೆಯ ವಿಷಯದಲ್ಲಿ ಕಾನೂನು ಇದೆ, ಓಡಾಟವೂ ಇದೆ. ಯುದ್ಧದಲ್ಲಿ ಸತ್ತವರ ಕುಟುಂಬಕ್ಕೆ ಸಾಮಾನ್ಯ ಕುಟುಂಬ ಪಿಂಚಣಿಗಿಂತ ಹೆಚ್ಚಿನ, ಕೊನೆಯ ಸಂಬಳಕ್ಕೆ ಸಮನಾದ ಪಿಂಚಣಿ ಸಿಗುತ್ತದೆ. ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ಸರ್ಕಾರಿ ಜಮೀನು ಮಂಜೂರು ಮಾಡುವಾಗ ಸೈನಿಕರಿಗೆ ಪಾಲು ಇಡುವ ನಿಯಮವೂ ಇದೆ. ಆದರೆ ಕಂದಾಯದ ಜಾಗ ಯಾವುದು, ಅರಣ್ಯ ಯಾವುದು ಅನ್ನುವುದೇ ಮುಗಿಯದ ಜಗಳವಾಗಿರುವ ನಮ್ಮ ಕಡೆ, ಜಮೀನಿನ ಕಡತ ಹಿಡಿದು ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತುವುದು ಎಂಥ ಕೆಲಸ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಾದರೆ ನೀವು ಏನು ಮಾಡಬೇಕು? ಸ್ಟೇಟಸ್ ಹಾಕಿ, ಬೇಡ ಅನ್ನುವುದಿಲ್ಲ. ಹಾಕುವುದಾದರೆ ‘ನಮ್ಮ ವೀರ ಯೋಧರಿಗೆ ನಮನ’ ಅಂತ ಸುಮ್ನೆ ಬಿಡಬೇಡಿ. ನಿಮ್ಮ ತಾಲ್ಲೂಕಿನ ಒಬ್ಬರ ಹೆಸರು, ಊರು, ಯಾವ ವರ್ಷ, ಎಲ್ಲಿ, ಹೇಗೆ ಅಂತ ಬರೆಯಿರಿ. ಮನೆಯವರನ್ನು ಮೊದಲು ಕೇಳಿ. ಬೇಡ ಅಂದರೆ ಬಿಡಿ. ಅವರ ಮನೆಗೆ ಹೋಗುವುದಾದರೆ ಗುಂಪು ಕಟ್ಟಿಕೊಂಡು ಕ್ಯಾಮೆರಾ ಸಮೇತ ಹೋಗಬೇಡಿ. ‘ಆಗ ನಿಮಗೆ ಹೇಗನ್ನಿಸಿತು ಅಮ್ಮಾ’ ಎಂದು ತಾಯಿಯನ್ನು ಕೇಳಲೇಬೇಡಿ. ಮಗ ಶಾಲೆಯಲ್ಲಿ ಹೇಗಿದ್ದ, ಕಬಡ್ಡಿ ಆಡ್ತಿದ್ದನಾ ಅಂತ ಕೇಳಿ. ಮಾತು ತಾನಾಗೇ ಬರುತ್ತದೆ.

ಬಾವುಟದ ಬಗ್ಗೆಯೂ ಜನ ಕೇಳುತ್ತಾರೆ, ಇಲ್ಲೇ ಹೇಳಿಬಿಡುತ್ತೇನೆ. ಗೌರವ ಅಂತ ನಾವೇ ಮನೆ ಮೇಲಿನ ರಾಷ್ಟ್ರಧ್ವಜವನ್ನು ಅರ್ಧಕ್ಕೆ ಇಳಿಸುವ ಹಾಗಿಲ್ಲ. ಅದಕ್ಕೆ ಸರ್ಕಾರದ ಆದೇಶ ಬೇಕು. ಯೋಧರ ಪೆಟ್ಟಿಗೆಗೆ ಹೊದಿಸುವ ಧ್ವಜದ ಕೇಸರಿ ಭಾಗ ತಲೆಯ ಕಡೆಗಿರಬೇಕು. ಅದನ್ನು ಚಿತೆಯಲ್ಲಿ ಸುಡುವಂತಿಲ್ಲ, ಗುಂಡಿಗೂ ಇಳಿಸುವಂತಿಲ್ಲ. ಮಡಚಿ ಮನೆಯವರ ಕೈಗೆ ಕೊಡುತ್ತಾರೆ.

ಊರಿಗೆ ಒಂದೇ ದಿನ ಆರಿಸಿಕೊಳ್ಳಿ ಅಂದರೆ ನಾನು ಜುಲೈ 26 ಅನ್ನುವುದಿಲ್ಲ. ಆಗ ನಮ್ಮಲ್ಲಿ ಜಡಿಮಳೆ, ನಾಟಿಯ ಗಡಿಬಿಡಿ, ಶಾಲೆಗೆ ಮಳೆ ರಜೆ. ಡಿಸೆಂಬರ್ 7 ವಾಸಿ. ಅಡಿಕೆ ಕೊಯ್ಲಿನ ಕೆಲಸ ಇರುತ್ತದೆ ನಿಜ, ಆದರೆ ಸಂಜೆ ಜನ ಸಿಗುತ್ತಾರೆ. ಜೊತೆಗೆ ಆ ದಿನಕ್ಕೆ ಗೆಲುವು-ಸೋಲಿನ ಹಂಗಿಲ್ಲ. 1949ರಲ್ಲಿ ಶುರುವಾದ ಧ್ವಜ ದಿನದ ಉದ್ದೇಶವೇ ಮಡಿದವರ ಕುಟುಂಬ, ಗಾಯಗೊಂಡವರು, ಮಾಜಿ ಸೈನಿಕರಿಗೆ ಹಣ ಕೂಡಿಸುವುದು. ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಕೆಂಪು, ಕಡುನೀಲಿ, ತಿಳಿನೀಲಿ ಪಟ್ಟಿಯ ಪುಟ್ಟ ಬಾವುಟ ಭೂಸೇನೆ, ನೌಕಾಪಡೆ, ವಾಯುಪಡೆ ಮೂರರ ಗುರುತು. ಐದೋ ಹತ್ತೋ ರೂಪಾಯಿ ಕೊಟ್ಟು ಅಂಗಿಗೆ ಚುಚ್ಚಿಕೊಂಡು ಮರೆಯುತ್ತೇವೆ, ಅಲ್ವಾ? ಈ ಸಲ ಗ್ರಾಮ ಪಂಚಾಯಿತಿಯಲ್ಲಿ ಒಂದು ಮಾತು ಹೇಳಿ, ನಿಮ್ಮ ಭಾಗದ ಮಾಜಿ ಸೈನಿಕರನ್ನು ಸೇರಿಸಿ. ಯಾವ ಮನೆಯ ಪಿಂಚಣಿ ಕಾಗದ ಎಲ್ಲಿ ನಿಂತಿದೆ, ಯಾರ ಮಗುವಿಗೆ ವಿದ್ಯಾರ್ಥಿ ವೇತನ ಬಂದಿಲ್ಲ ಅಂತ ಅವತ್ತೇ ಕೂತು ಪಟ್ಟಿ ಮಾಡಿ. ಆ ಪಟ್ಟಿ ಹಿಡಿದು ಸೈನಿಕ ಕಲ್ಯಾಣ ಇಲಾಖೆಗೆ ಹೋಗುವವರು ಯಾರು ಅನ್ನುವುದನ್ನೂ ಅವತ್ತೇ ಗೊತ್ತು ಮಾಡಿ. ಆಮೇಲೆ ಎಲ್ಲರಿಗೂ ಊಟ ಹಾಕಿಸಿ.